ಕಾಲಿಗೆ ಹಿಮ, ತಲೆಗೆ ಬಿಸಿಲು

ಹಿತ್ತಿಲ ಫ್ರಿಜ್ಜಿನ ಗಾಜಿನ ಬಾಗಿಲು ತೆರೆದವಳೇ ಅವಳು ಎರಡೂ ಕೈಯಿಂದ ಹೂಮಾಲೆಗಳನ್ನು ಹೊರಗೆಳೆದು ಹಾಕತೊಡಗಿದಳು. ಮಾಲೆಗಳ ಹಿಂದೆ ಜ್ಯೂಸಿನ ಬಾಟಲಿಗಳು, ಬಾಟಲಿಗಳ ಹಿಂದೆ ಹಾಲಿನ ಪೊಟ್ಟಣಗಳು. ಕುಂಡ ಮಾತ್ರ ಇಲ್ಲ.

"ನನ್ನ ಸವತಿ ಎಲ್ಲಿ?" ಎಂದು ಕೂಗಿದಳು.

ಕುರ್ಚಿ ಹಾಕಿಕೊಂಡು ಕೂತಿದ್ದವರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗಂಡ ತೀರಿಕೊಂಡ ಮರುದಿನವೇ ಹೆಂಡತಿ ಸವತಿಯನ್ನು ಹುಡುಕಿಕೊಂಡು ಬಂದರೆ ಯಾರ ಕಿವಿ ತಾನೇ ನೆಟ್ಟಗಾಗುವುದಿಲ್ಲ? ಅಂಗಳದಲ್ಲಿ, ಗಾಜಿನ ಮುಚ್ಚಳದ ತಂಪುಪೆಟ್ಟಿಗೆಯಲ್ಲಿ ಮಲಗಿದ್ದವನ ಬಗ್ಗೆ ಅಂಥ ಮಾತನ್ನು ಇದುವರೆಗೆ ಯಾರೂ ಆಡಿರಲಿಲ್ಲ. ಬದುಕಿಡೀ ಫ್ರಿಜ್ ರಿಪೇರಿ ಮಾಡಿದ ಮನುಷ್ಯ ಅವನು. ಬೀದಿಯವರಿಗೆಲ್ಲ ಐಸಣ್ಣ.

ನಾದಿನಿಗೆ ಮಾತ್ರ ಗೊತ್ತಿತ್ತು. ಅವಳು ಕೈ ಒರೆಸಿಕೊಳ್ಳುತ್ತ ಓಡಿ ಬಂದಳು.

"ಆ ಜಲ್ಲಿ ಕುಂಡಾನಾ ಅತ್ತಿಗೆ? ಮಾಲೆ ಬಾಡ್ತಿತ್ತು, ಜಾಗ ಬೇಕಿತ್ತು, ತೆಗೆದಿಟ್ಟೆ. ಪಾಪ, ಒಳಗೇ ಮುದುಡಿಕೊಂಡಿತ್ತು. ಒಂಚೂರು ಬಿಸಿಲು ಕಾಣ್ಲಿ ಅಂತ ಗೇಟ್ ಹತ್ರ ಇಟ್ಟಿದೀನಿ."

"ಬಿಸಿಲಿಗಾ! ಅಯ್ಯೋ ನಿನ್ನ! ಬೆಂದು ಹೋಗುತ್ತೆ ಕಣೇ ಅದು!"

ಅವಳು ಓಡಿದಳು. ಮಂಡಿನೋವು ಎಂದು ಮೆಟ್ಟಿಲು ಹತ್ತಲೂ ಹಿಂದೆಮುಂದೆ ನೋಡುತ್ತಿದ್ದ ಹೆಂಗಸು ಕುರ್ಚಿಗಳನ್ನು ದಾಟಿ, ಜನರನ್ನು ಸರಿಸಿ, ಓಡಿದಳು.

*

ಎಲ್ಲ ಶುರುವಾದದ್ದು ಒಂದು ರಿಪೇರಿಯಿಂದಲೇ. ಮೋಡಗಳಿಗಿಂತ ಮೇಲಿದ್ದ ಬೆಟ್ಟದ ಹೋಟೆಲಿನವರು ಕೋಲ್ಡ್ ರೂಮ್ ಕೆಟ್ಟಿದೆಯೆಂದು ಅವನನ್ನು ಕರೆಸಿಕೊಂಡಿದ್ದರು. ಹಿಮ ಬೀಳುವ ಜಾಗದಲ್ಲಿ ಫ್ರಿಜ್ ರಿಪೇರಿ ಎಂದು ಅವಳು ನಕ್ಕು ನಕ್ಕು ಸುಸ್ತಾಗಿದ್ದಳು. ವಾಪಸು ಬಂದವನು ಚೀಲವನ್ನೂ ಇಳಿಸದೆ ಬಾಗಿಲಲ್ಲೇ ಶುರು ಹಚ್ಚಿಕೊಂಡ.

"ಕರಗ್ತಿರೋ ಹಿಮದ ಅಂಚಲ್ಲೇ, ಬಂಡೆ ಸಂದೀಲಿ, ಇಷ್ಟೇ ಇಷ್ಟು ಗಿಡ ಕಣೇ! ಹೂವು ಗಿಡಕ್ಕಿಂತ ದೊಡ್ಡದು! ಜೆನ್ಷಿಯನ್ ಅಂತೆ ಹೆಸರು. ನೀಲಿ ಅಂದ್ರೆ ಎಂಥ ನೀಲಿ ಅಂತೀಯ..."

"ಎಂಥ ನೀಲಿ?"

ಅವನು ಬಕೆಟ್ಟು ನೋಡಿದ, ಕಿಟಕಿಯ ಪರದೆ ನೋಡಿದ, ಅವಳ ಶಾಲು ನೋಡಿದ. "ನಮ್ಮನೇಲಿಲ್ಲ ಬಿಡು," ಎಂದು ಕೈಚೆಲ್ಲಿದ.

ಬೆಂಕಿಪೊಟ್ಟಣದಲ್ಲಿ ಬೀಜ ಬಂದಿತ್ತು. ಆಮೇಲೆ ಅವನಿಗೆ ಹಿಡಿದ ಹುಚ್ಚು ಬಿಡಲೇ ಇಲ್ಲ. ಮೊದಲ ಸಸಿಗಳು ಮಣ್ಣಿನ ತೇವಕ್ಕೆ ಕೊಳೆತವು. ನೀರು ನಿಲ್ಲದಿರಲಿ ಎಂದು ಜಲ್ಲಿಯಲ್ಲಿ ನೆಟ್ಟವು ಈ ಊರಿನ ಬೇಸಿಗೆಗೆ ಹುರಿದುಹೋದವು. ಒಂದೊಂದು ಸತ್ತಾಗಲೂ ಮನೆಯಲ್ಲಿ ಯಾರೋ ಹೋದವರ ಹಾಗೆ ಮುಖ ಇಳಿಬಿಟ್ಟು ಕೂರುತ್ತಿದ್ದ. ಕೊನೆಗೆ ಅಂಗಡಿಯವರು ಬಿಸಾಡಿದ ಗಾಜಿನ ಬಾಗಿಲಿನ ಫ್ರಿಜ್ ತಂದು, ಒಳಗೆ ಟ್ಯೂಬ್‌ಲೈಟ್ ಕಟ್ಟಿ, ಬದುಕಿ ಉಳಿದ ಒಂದೇ ಗಿಡವನ್ನು ಅದರಲ್ಲಿಟ್ಟ. ಬೆಳಿಗ್ಗೆ ಎದ್ದರೆ ಮೊದಲು ಅದರ ಮುಖ, ಆಮೇಲೆ ಹೆಂಡತಿಯದು. ಸವತಿ ಎಂಬ ಹೆಸರು ಅವಳು ಸುಮ್ಮನೆ ಇಟ್ಟದ್ದಲ್ಲ.

*

ಗೇಟಿನ ಹತ್ತಿರ ಕುಂಡ ಇರಲಿಲ್ಲ.

"ಕಲ್ಲು ತುಂಬಿದ ಕುಂಡಾನಾ ಅಮ್ಮ?" ಎಂದ ಶಾಮಿಯಾನದವನು, ತಲೆ ಕೆರೆದುಕೊಳ್ಳುತ್ತ. "ಗಾಳಿಗೆ ಬಟ್ಟೆ ಹಾರ್ತಿತ್ತು. ಒಳ್ಳೆ ಭಾರ ಇದೆ ಅಂತ ಕಾಂಪೌಂಡ್ ಮೇಲೆ ಒತ್ತಿಗೆ ಇಟ್ಟೆ. ಅದರಲ್ಲಿ ಗಿಡ ಇತ್ತಾ?"

ಇತ್ತು. ಗೋಡೆಯ ಮೇಲೆ, ನೆತ್ತಿಗೇರುತ್ತಿದ್ದ ಬಿಸಿಲಿನಲ್ಲಿ. ಜಲ್ಲಿ ಮುಟ್ಟಿದರೆ ಕೈ ಸುಡುತ್ತಿತ್ತು. ಎಲೆಗಳು ಸೋತು ಮಲಗಿದ್ದವು. ನಡುವೆ ಒಂದೇ ಒಂದು ಮೊಗ್ಗು, ಮಡಚಿದ ಕೊಡೆಯಂತೆ ಸುತ್ತಿಕೊಂಡು, ಇನ್ನೂ ನಿಂತಿತ್ತು. ಒಂದೇ ಮನೆಯಿಂದ ಬೆನ್ನುಬೆನ್ನಿಗೆ ಇಬ್ಬರು ಹೋಗುವುದು ಬೇಡ. ಅವನು ಕಾದು ಕಾದು ನೋಡದೇ ಹೋದದ್ದನ್ನು ಅವನು ಮನೆ ಬಿಡುವ ಮೊದಲು ಕೊಲ್ಲುವುದಂತೂ ಬೇಡವೇ ಬೇಡ.

ಕುಂಡವನ್ನು ಎದೆಗವಚಿಕೊಂಡು ಹಿತ್ತಿಲಿಗೆ ಧಾವಿಸಿದಳು. ಬಿಸಿ ಬಾಟಲಿಗಳನ್ನು ಗಿಡಿದು ತುಂಬಿದ್ದರಿಂದ ಫ್ರಿಜ್ ಉಸಿರು ಕಟ್ಟಿ ನಿಂತುಹೋಗಿತ್ತು. ಅದನ್ನು ರಿಪೇರಿ ಮಾಡಬೇಕಾದವನು ಅಂಗಳದಲ್ಲಿ ಮಲಗಿದ್ದ.

"ಐಸ್ ತರಿಸಲಾ ಅತ್ತಿಗೆ?" ಎಂದಳು ನಾದಿನಿ, ಅಳುವ ದನಿಯಲ್ಲಿ.

"ಅಷ್ಟು ಹೊತ್ತು ಇದು ತಡೆಯಲ್ಲ. ಈ ಮನೇಲಿ ಈಗ ತಣ್ಣಗಿರೋದು ನಿಮ್ಮಣ್ಣ ಒಬ್ಬರೇ."

ಹೇಳಿದ ಮೇಲೆಯೇ ಅವಳಿಗೂ ಅದು ಹೊಳೆದದ್ದು. ನೆಟ್ಟಗೆ ಅಂಗಳಕ್ಕೆ ನಡೆದಳು.

"ಪೆಟ್ಟಿಗೆ ತೆಗಿಯಪ್ಪ," ಎಂದಳು ಶವದ ಗಾಡಿಯ ಡ್ರೈವರಿಗೆ. "ಅವರ ಕಾಲ ಹತ್ರ ಇದನ್ನಿಡಬೇಕು."

"ಅತ್ತಿಗೆ, ಜನ ಏನಂತಾರೆ!"

"ಏನಾದರೂ ಅಂದುಕೊಳ್ಳಲಿ. ಈಗ ಕೂತು ಅನ್ನೋದಕ್ಕೆ ಪುರಸೊತ್ತಿದೆ ಅವರಿಗೆ. ನನಗಿಲ್ಲ."

ಡ್ರೈವರ್ ಎದುರಾಡಲಿಲ್ಲ. "ಈ ಪೆಟ್ಟಿಗೆ ಕೆಟ್ಟು ಮೂಲೆ ಸೇರಿತ್ತಮ್ಮ. ಜೀವ ಕೊಟ್ಟವರೇ ಐಸಣ್ಣ. ತಳದಿಂದ ತಂಪಾಗೋ ಹಾಗೆ ಪೈಪ್ ಹಾಕಿಕೊಟ್ರು," ಎನ್ನುತ್ತ ಗಾಜು ಎತ್ತಿದ. ಅವಳು ಕುಂಡವನ್ನು ಗಂಡನ ಪಾದಗಳ ಪಕ್ಕ ಒತ್ತಿ ಕೂರಿಸಿದಳು.

*

ಮೊಗ್ಗು ಕಂಡದ್ದು ಹಿಂದಿನ ವಾರ. ಅವನು ಅಡುಗೆಮನೆಗೆ ಬಂದು ಅವಳ ಕೈಯಿಂದ ಸೌಟು ಕಿತ್ತಿಟ್ಟು ಎಳೆದುಕೊಂಡು ಹೋಗಿದ್ದ. ಆಮೇಲೆ ದಿನಗಳೆದರೂ ಅದು ಬಿಚ್ಚಲಿಲ್ಲ.

"ಏನಂತೆ ನಿಮ್ಮ ಮಹಾರಾಣಿಗೆ?"

"ಕಾಲಿಗೆ ಹಿಮ, ತಲೆಗೆ ಬಿಸಿಲು. ಎರಡೂ ಒಟ್ಟಿಗೆ ಬೇಕಂತೆ," ಎಂದಿದ್ದ. "ಒಳಗಿಟ್ರೆ ಬಿಸಿಲಿಲ್ಲ, ಹೊರಗಿಟ್ರೆ ಹಿಮ ಇಲ್ಲ. ಕುಂಡದ ಬುಡಕ್ಕೆ ಮಾತ್ರ ತಂಪಿನ ಪೈಪ್ ಸುತ್ತಬೇಕು. ಮಾಡ್ತೀನಿ ನೋಡ್ತಿರು." ತಾಮ್ರದ ಕೊಳವೆ ಬಗ್ಗಿಸುತ್ತ ಕೂತವನು ಮಧ್ಯೆ ಮಧ್ಯೆ ತೂಕಡಿಸುತ್ತಿದ್ದ. "ನಾನು ನಿದ್ದೆ ಮಾಡ್ತಿದ್ರೂ ಸರಿ, ಅರಳಿದ್ರೆ ಎಬ್ಬಿಸು. ಬೈಕೊಂಡಾದರೂ ಎಬ್ಬಿಸು."

"ಅದಕ್ಕೇನು, ಬೈಯೋದು ನನಗೇನು ಹೊಸದಾ?"

ಕೊಳವೆ ಅರ್ಧ ಬಗ್ಗಿದ್ದಾಗ ಎದೆ ಹಿಡಿದುಕೊಂಡು ಪಕ್ಕಕ್ಕೆ ವಾಲಿದ್ದ.

*

ಹೊರಡುವ ಹೊತ್ತಾಯಿತು. ಗಂಡಸರು ಪೆಟ್ಟಿಗೆಯನ್ನು ಎತ್ತಿ ಬೀದಿಗೆ ತಂದರೆ ಗಾಡಿಗೆ ತಿರುಗಲು ಜಾಗವಿಲ್ಲ. ಹಾಲಿನ ಲಾರಿಯೊಂದು ಅಡ್ಡ ನಿಂತಿತ್ತು. ಡ್ರೈವರ್ ಬ್ಯಾಟರಿ ತಗುಲಿಸಿ ಪೆಟ್ಟಿಗೆಯನ್ನು ರಸ್ತೆ ಮಧ್ಯದಲ್ಲೇ ಇಳಿಸಲು ಹೇಳಿ, ಲಾರಿಯವನ ಜೊತೆ ಜಗಳಕ್ಕೆ ಹೋದ. ಬಿಸಿಲು ನೇರವಾಗಿ ಗಾಜಿನ ಮೇಲೆ ಬಿತ್ತು. ಯಾರೋ ಮುಚ್ಚಲು ಬಟ್ಟೆ ತಂದರು.

"ಬೇಡ, ಇರಲಿ," ಎಂದಳು ಅವಳು. ಇನ್ನು ಸ್ವಲ್ಪ ಹೊತ್ತಿಗೆ ಕಾಣಸಿಗದ ಮುಖವದು. ಅವಳು ಮುಖವನ್ನೇ ನೋಡುತ್ತ ನಿಂತಳು. ಲಾರಿ ಮುಂದೆ ಹೋಯಿತು, ಹಿಂದೆ ಬಂತು. ಹಾರ್ನುಗಳು, ಬೈಗುಳಗಳು. ಅವಳಿಗೆ ಯಾವುದೂ ಕೇಳಿಸಲಿಲ್ಲ.

ಕಿರುಚಿದ್ದು ನಾದಿನಿ.

"ಅತ್ತಿಗೇ! ಕಾಲ ಹತ್ರ ನೋಡಿ! ಬಿಚ್ಕೊಳ್ತಿದೆ!"

ಎಲೆಗಳು ಎದ್ದು ನಿಂತಿದ್ದವು. ಮೊಗ್ಗಿನ ಸುತ್ತು ಸಡಿಲಾಗಿ ಒಂದು ಎಸಳು ಹೊರಕ್ಕೆ ಬಾಗಿತ್ತು, ಹಿಂದೆಯೇ ಇನ್ನೊಂದು. ಜನ ನುಗ್ಗಿ ಬಂದರು. ಶಾಮಿಯಾನದವನು ಕುರ್ಚಿ ಹತ್ತಿ ನಿಂತ. ಲಾರಿಯವನು ಜಗಳ ಬಿಟ್ಟು ಓಡಿ ಬಂದು "ಏನ್ರೀ ಅದು, ಏನ್ರೀ ಅದು" ಎನ್ನುತ್ತ ಕತ್ತು ಚಾಚಿದ. "ತಳ್ಳಬೇಡ್ರೋ!" "ನನಗೂ ಕಾಣ್ಲಿ!" "ಅಬ್ಬಾ, ಏನು ಬಣ್ಣ!" ಅಳುತ್ತಿದ್ದವರೂ ಅಳು ಮರೆತು ತುದಿಗಾಲಲ್ಲಿ ನಿಂತರು. ಅಲ್ಲಿದ್ದ ಯಾರ ಮನೆಯಲ್ಲೂ ಅಂಥ ನೀಲಿ ಇರಲಿಲ್ಲ.

ಹೂವು ಪೂರ್ತಿ ಅರಳಿ, ಬಾಯಿ ಮೇಲೆ ಮಾಡಿ, ಬಿಸಿಲಿಗೆ ನಿಂತಿತು. ಕೆಳಗೆ ಕುಂಡದ ಬುಡದಲ್ಲಿ ತೆಳ್ಳಗೆ ಮಂಜು ಕಟ್ಟಿತ್ತು.

ಅವಳು ಜನರನ್ನು ಸರಿಸಿಕೊಂಡು ಪೆಟ್ಟಿಗೆಯ ಇನ್ನೊಂದು ತುದಿಗೆ ಬಂದಳು. ಅವನ ಮುಖದ ನೇರಕ್ಕೆ ಬಾಗಿ, ಮಧ್ಯಾಹ್ನದ ನಿದ್ದೆಯಿಂದ ಎಬ್ಬಿಸುವಾಗಿನ ಅದೇ ಗದರುವ ದನಿಯಲ್ಲಿ "ರೀ," ಎಂದಳು. ಆಮೇಲೆ ಬೆರಳ ಗೆಣ್ಣಿನಿಂದ ಗಾಜನ್ನು ತಟ್ಟತೊಡಗಿದಳು.