ನೆಲ್ಲಿಮರದ ಕೆಳಗಿನ ಊಟ

ಕಾರ್ತಿಕ ಬಂತೆಂದರೆ ತಮಿಳು ಸೀಮೆಯ ಅಡ್ಯಾರಿನ ಕನ್ನಡ ಮನೆಗಳಿಗೆ ವನಭೋಜನದ ಹುಚ್ಚು ಹತ್ತುತ್ತದೆ. ವ್ಯಾನು ಮಾಡಿಕೊಂಡು, ರೆಡ್ ಹಿಲ್ಸ್ ದಾಟಿ, ಯಾವುದೋ ಕಾಲದ ಜಮೀನ್ದಾರರ ತೋಟದ ಬಂಗಲೆಗೆ ಹೋಗುವುದು. ಅಲ್ಲಿ ನೆಲ್ಲಿಮರಕ್ಕೆ ಪೂಜೆ ಮಾಡಿ ಅದರ ಬುಡದಲ್ಲೇ ಉಣ್ಣುವುದು. ಊಟವಾದ ಮೇಲೆ ಗದ್ದೆಯ ಬದುವಿನ ಮೇಲೆ ಒಂದು ಸುತ್ತು ಹೊಡೆಯುವುದು. ಮಳೆ ಸುರಿದು ಹೊಳವಾದ ದಿನಗಳು. ವರ್ಷವಿಡೀ ಫ್ಲ್ಯಾಟಿನಲ್ಲಿ ಬೆಂದವರಿಗೆ ಅದೇ ಸ್ವರ್ಗ.

ಉಪೇಂದ್ರರಾಯರ ಹೆಂಡತಿ ಗುಣವತಿಗೆ ಮರೆವಿನ ಕಾಯಿಲೆ. ಮಗಳ ಹೆಸರು ಮರೆತುಹೋಗಿತ್ತು, ಇದ್ದ ಬೀದಿಯ ಹೆಸರೂ ಮರೆತುಹೋಗಿತ್ತು. ಆದರೆ ಮಳೆ ನಿಂತು ಬಿಸಿಲು ಬಿದ್ದರೆ ಸಾಕು, "ರೀ, ತೋಟಕ್ಕೆ ಯಾವಾಗ?" ಎನ್ನುತ್ತಿದ್ದರು.

ಮಗಳು ನಿಖಿತಾ ಒಪ್ಪಲಿಲ್ಲ. "ವೇಂಡಾಂ ಅಪ್ಪಾ, ಬೇಡ. ಅಲ್ಲಿ ಕೊಳ ಇದೆ. ಅಮ್ಮ ಎದ್ದು ಹೋದ್ರೆ ಯಾರು ನೋಡ್ಕೋತಾರೆ?"

"ನಾನಿದೀನಲ್ಲೇ. ಅವಳ ಕೈ ಬಿಡಲ್ಲ, ಸರಿಯಾ?"

ರೈಲ್ವೆಯಲ್ಲಿ ದುಡಿದು ನಿವೃತ್ತರಾದ ರಾಯರು ಕೊಟ್ಟ ಮಾತಿಗೆ ತಪ್ಪುವವರಲ್ಲ. ಕಷ್ಟವೆಂದರೆ, ಅವರು ಇನ್ನೊಂದು ಮಾತನ್ನು ದೇವರಿಗೂ ಕೊಟ್ಟಿದ್ದರು. ಹೆಂಡತಿಗೆ ನೆನಪು ಮರಳಲೆಂದು ಕಾರ್ತಿಕ ಪೂರ್ತಿ ಮೌನಭೋಜನದ ವ್ರತ ಹಿಡಿದಿದ್ದರು. ಎಲೆಯ ಮುಂದೆ ಕೂತು ಆಪೋಶನದ ನೀರು ಕುಡಿದರೆಂದರೆ, ಊಟ ಮುಗಿಯುವವರೆಗೆ ತುಟಿ ಬಿಚ್ಚುವಂತಿಲ್ಲ, ನಡುವೆ ಏಳುವಂತಿಲ್ಲ. ಒಂದು ಮಾತಾಡಿದರೂ ಇಷ್ಟು ದಿನದ ಫಲವೆಲ್ಲ ಮಣ್ಣುಪಾಲು. ದೇವರೇನು ಅಷ್ಟು ಸಣ್ಣ ಮನಸ್ಸಿನವನೇ ಎಂದು ಅವರನ್ನು ಯಾರೂ ಕೇಳಲಿಲ್ಲ, ಅವರೂ ಕೇಳಿಕೊಳ್ಳಲಿಲ್ಲ.

ಅಪ್ಪನ ಮಾತು ನಂಬಿ ನಿಖಿತಾ ತೋಟಕ್ಕೆ ಬರದೆ ಕೆಲಸಕ್ಕೆ ಹೋದಳು. ತೋಟಕ್ಕೆ ಹೋದ ದಿನ ಗುಣವತಿ ಮರದ ಕಾಂಡ ಸವರಿ, "ನೆಲ್ಲಿ" ಎಂದು ನಕ್ಕರು. ಎಷ್ಟೋ ತಿಂಗಳ ಮೇಲೆ ಒಂದು ಹೆಸರು ತಾನಾಗಿ ಬಾಯಿಗೆ ಬಂದಿತ್ತು. ರಾಯರ ಕಣ್ಣು ತುಂಬಿತು. ವ್ರತ ಕೈಗೂಡುತ್ತಿದೆ, ಇನ್ನು ಕೆಲವೇ ದಿನ ಎಂದುಕೊಂಡರು. ಬೆಳಗಿನಿಂದ ಹಿಡಿದ ಅವಳ ಕೈಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದರು.

ಊಟಕ್ಕೆ ಎಲೆ ಹಾಕಿದರು. ಹೆಂಡತಿಯನ್ನು ಪಕ್ಕದಲ್ಲೇ ಕೂರಿಸಿಕೊಂಡರು. ಬಲಗೈ ಅನ್ನಕ್ಕೆ ಬೇಕು, ಎಡಗೈ ಎಲೆಯ ಅಂಚು ಹಿಡಿದಿರಬೇಕು, ಅದು ಅವರ ಮನೆಯ ಪದ್ಧತಿ. ಹಾಗಾಗಿ ಅವಳ ಕೈ ಬಿಡಲೇಬೇಕಾಯಿತು. ಪಕ್ಕದಲ್ಲೇ ಇದ್ದಾಳಲ್ಲ ಎಂದು ನೀರು ಕುಡಿದರು.

ಎರಡು ತುತ್ತು ಚಿತ್ರಾನ್ನ ತಿಂದು ಗುಣವತಿ ಎದ್ದರು. ಪಂಕ್ತಿಯ ನಡುವೆ ಏಳಬಾರದೆಂಬುದು ಅವರಿಗೀಗ ಎಲ್ಲಿ ನೆನಪು? ದಾಸವಾಳದ ಬೇಲಿಯ ಆಚೆ ಕೊಳದಲ್ಲಿ ತಾವರೆ ಅರಳಿತ್ತು. ಅತ್ತ ನಡೆದರು. ಉಳಿದವರು ತಲೆ ಬಗ್ಗಿಸಿ ಉಣ್ಣುತ್ತಿದ್ದರು. ರಾಯರು ಮಾತ್ರ ನೋಡಿದರು.

ಬಡಿಸುತ್ತಿದ್ದವನು ತಂಗಿಯ ಮಗ ಶ್ರೀಕಾಂತ. ರಾಯರು ಕಣ್ಣಲ್ಲೇ ಕೊಳದ ಕಡೆ ತೋರಿಸಿ ಎಡಗೈ ಆಡಿಸಿದರು.

"ಸಾರಾ ಮಾವ? ಬಂತು ಬಂತು," ಎಂದು ಶ್ರೀಕಾಂತ ಎಲೆಗೆ ಸಾರು ಸುರಿದ.

ತಲೆ ಅಲ್ಲಾಡಿಸಿದರು.

"ಓ, ಪಾಯಸ! ಕೇಳೋದಿಕ್ಕೆ ಯಾಕೆ ಸಂಕೋಚ?" ಎಂದು ಅದನ್ನೂ ಬಡಿಸಿ, ನಗುತ್ತ ಮುಂದಿನ ಎಲೆಗೆ ಹೋದ. ಮೌನಭೋಜನದವರ ಸನ್ನೆಗೆ ಊಟದಾಚೆಗಿನ ಅರ್ಥ ಇರುತ್ತದೆಂದು ಅವನಿಗೆ ಹೇಗೆ ಹೊಳೆಯಬೇಕು?

ಕೆಂಪು ಸೀರೆ ಬೇಲಿಯ ಹಿಂದೆ ಮರೆಯಾಯಿತು. ಅಲ್ಲಿ ಮಾಲಿ ಇದ್ದಾನು, ಡ್ರೈವರ್ ನೋಡಿಯಾನು. ಈಗ ಕೂಗಿದರೆ, ಬೆಳಗ್ಗೆ 'ನೆಲ್ಲಿ' ಎಂದ ಆ ನಾಲಿಗೆ ಮತ್ತೆ ಮಂಕಾದರೆ? ರಾಯರು ಕೂಗಲಿಲ್ಲ, ಬೇಗ ಬೇಗ ಉಂಡರು. ಪಾಯಸ ನುಂಗಿದರು, ಮಜ್ಜಿಗೆ ಅನ್ನವನ್ನು ಅಗಿಯದೆ ಗಂಟಲಿಗಿಳಿಸಿದರು, ಕೊನೆಯ ಆಪೋಶನವನ್ನೂ ಕ್ರಮವಾಗಿ ತೆಗೆದುಕೊಂಡರು. ಆಮೇಲೆ ಎಂಜಲುಗೈಯಲ್ಲೇ ಓಡಿದರು. ಮಾತು ಬೆಳ್ಳಿ ಮೌನ ಬಂಗಾರ ಎಂದ ಪುಣ್ಯಾತ್ಮ ಆ ಪಂಕ್ತಿಯಲ್ಲಿ ಕೂತಿರಲಿಲ್ಲ.

ಮಳೆಗೆ ಕೊಳ ತುಂಬಿತ್ತು, ಮೆಟ್ಟಿಲೆಲ್ಲ ಪಾಚಿ. ತಾವರೆ ಎಲೆಗಳ ನಡುವೆ ಕೆಂಪು ಸೀರೆ ಉಬ್ಬಿಕೊಂಡು ತೇಲುತ್ತಿತ್ತು. "ಗುಣಾ!" ಎಂದು ರಾಯರು ಕೂಗಿದ ಕೂಗು ಬಂಗಲೆಯ ಹಿತ್ತಲಿನವರೆಗೂ ಕೇಳಿಸಿತು. ಜನ ಬಂದರು, ನೀರಿಗಿಳಿದರು, ಎತ್ತಿ ಮಲಗಿಸಿದರು, ಎದೆ ಒತ್ತಿದರು. ಏನೂ ಉಳಿದಿರಲಿಲ್ಲ.

ನಿಖಿತಾ ಬರುವ ಹೊತ್ತಿಗೆ ಸಂಜೆಯಾಗಿತ್ತು. ತಾಯಿಯ ಮುಖ ನೋಡಿ, ಅತ್ತು, ನೆಲ್ಲಿಮರಕ್ಕೆ ಒರಗಿ ಕೂತಿದ್ದ ತಂದೆಯ ಬಳಿ ಬಂದು ಅವರ ಬಲಗೈ ಹಿಡಿದುಕೊಂಡಳು. "ಅಪ್ಪಾ, ಅಮ್ಮ ಎದ್ದು ಹೋಗಿದ್ದು ನೀವು ನೋಡ್ಲಿಲ್ವಾ?"

"ಮಾವ ಹೇಗೆ ನೋಡ್ತಾರೆ ಕಣೇ, ಪಾಪ, ಪಾವಂ," ಎಂದ ಶ್ರೀಕಾಂತ. "ಊಟ ಮಾಡ್ತಾ ಇದ್ರು. ನಾನೇ ಅಲ್ವಾ ಬಡಿಸಿದ್ದು?"

ಸುತ್ತಲಿದ್ದವರು ಹೌದು ಹೌದೆಂದರು. ವ್ರತ ಹಿಡಿದ ಮನುಷ್ಯ, ಎಲೆ ಬಿಟ್ಟು ಕಣ್ಣೆತ್ತಿರಲಾರರು ಎಂದು ಯಾರೋ ಹೇಳಿದರು. ಸುಮ್ಮನಿದ್ದರೆ ಸಾಕಿತ್ತು, ಸುಮ್ಮನಿರುವುದು ರಾಯರಿಗೆ ಅಭ್ಯಾಸವೂ ಆಗಿತ್ತು.

"ನೋಡ್ದೆ," ಎಂದರು. "ಹೋಗೋದು ನೋಡ್ದೆ ಮಗಳೇ. ಮಜ್ಜಿಗೆ ಅನ್ನ ಮುಗಿಸ್ಕೊಂಡು ಎದ್ದೆ."

ಆ ಕೈಯನ್ನು ಅವರಿನ್ನೂ ತೊಳೆದಿರಲಿಲ್ಲ. ಬೆರಳ ಸಂದಿಯಲ್ಲಿ ಅನ್ನದ ಅಗುಳು ಒಣಗಿ ಅಂಟಿಕೊಂಡಿತ್ತು. ನಿಖಿತಾ ಅದನ್ನು ನೋಡಿದಳು. ಆಮೇಲೆ ಆ ಕೈ ಬಿಟ್ಟಳು.