ಕಷ್ಟಕ್ಕೆ ಚಪ್ಪಾಳೆ

ಆ ಬೆಳಿಗ್ಗೆ ಟಿ.ಬಿ. ಡ್ಯಾಂ ಕಡೆಯಿಂದ ತಂಪು ಗಾಳಿ ಬೀಸಿ, ಹೊಸಪೇಟೆಯ ಮೇಲೆ ಮೋಡ ಕವಿದಿತ್ತು. ಮಳೆ ಬರಲಿಲ್ಲ. ಬಂದದ್ದು ಕಮಿಟಿ.

ಅಂಗವಿಕಲ ವಿದ್ಯಾರ್ಥಿಗಳಿಗೆ ಕಾಲೇಜು ಏನು ಮಾಡಿದೆಯೆಂದು ನೋಡಲು ಬಂದಿದ್ದರು. ಪ್ರಿನ್ಸಿಪಾಲ್ ಕೊಟ್ರಯ್ಯನವರು ಏನು ಕಡಿಮೆ ಮಾಡಿದ್ದರು? ಕಿವಿ ಕೇಳದ ಅನುಸೂಯಾಳಿಗೆಂದು ಜಂಬುನಾಥನೆಂಬ ಸನ್ನೆಭಾಷೆಯ ದುಭಾಷಿಯನ್ನೇ ನೇಮಿಸಿದ್ದರು. ಕಲಿತವನು, ಕೈ ಚುರುಕಾದವನು. ಆದರೆ ವರ್ಷವಿಡೀ ಅವನು ದುಡಿದದ್ದು ಹಂಪಿಯಲ್ಲಿ. ಪ್ರಿನ್ಸಿಪಾಲರ ಬೀಗರಿಗೆ, ಬೀಗರ ಬೀಗರಿಗೆ ಗುಡಿ ತೋರಿಸುತ್ತ. ವಿರೂಪಾಕ್ಷನಿಗೆ ಸನ್ನೆ ಬೇಕಿಲ್ಲ, ಅವನು ಆಡದ ಮಾತನ್ನೂ ಕೇಳಿಸಿಕೊಳ್ಳುವವನು. ಇತ್ತ ಕ್ಲಾಸಿನಲ್ಲಿ ಅನುಸೂಯಾ ಮೇಷ್ಟರ ತುಟಿ ನೋಡುತ್ತ ಕೂರುತ್ತಿದ್ದಳು. ಮೇಷ್ಟರು ಬೋರ್ಡಿನ ಕಡೆ ತಿರುಗಿದರೆ ಉಳಿದ ಪಾಠವನ್ನು ಅವರ ಬೆನ್ನು ಮಾಡುತ್ತಿತ್ತು.

ಹೋದ ಸಲ ಫೇಲಾಗಿದ್ದಳು. ಇನ್ನೊಮ್ಮೆ ಆದರೆ ಓದು ಬಿಟ್ಟು ಊರಿಗೆ, ಎಮ್ಮಿಗನೂರಿಗೆ, ಬಂದುಬಿಡು ಎಂದು ಮನೆಯಲ್ಲಿ ಹೇಳಿಯಾಗಿತ್ತು. ಅದಕ್ಕೇ ಈ ದಿನಕ್ಕೆ ಕಾದಿದ್ದಳು.

“ಹೇಳವಾ ತಾಯಿ, ಹೇಳು!” ಎಂದು ಕಮಿಟಿಯ ಅಧ್ಯಕ್ಷೆ ಲಲಿತಾ ಮೇಡಂ ಕೂಗಿದರು. ಜೋರಾಗಿ ಕೂಗಿದರೆ ಕಿವುಡರಿಗೂ ಕೇಳುತ್ತದೆಂಬುದು ಲೋಕದ ನಂಬಿಕೆ.

ಆ ದಿನದ ಮಟ್ಟಿಗೆ ಪಕ್ಕದಲ್ಲಿ ನಿಂತಿದ್ದ ಜಂಬುನಾಥನತ್ತ ಅನುಸೂಯಾಳ ಕೈ ನುಡಿಯಿತು: ಕ್ಲಾಸಿನಲ್ಲಿ ನನಗೆ ದುಭಾಷಿ ಇಲ್ಲ. ಇವರು ಹಂಪಿಯಲ್ಲಿರುತ್ತಾರೆ. ಪಾಠ ತಿಳಿಯದೆ ಫೇಲಾದೆ.

“ಏನಂತಾಳಪಾ ನಮ್ಮ ಹುಡುಗಿ?” ಎಂದು ಕೊಟ್ರಯ್ಯನವರು ಜಂಬುನಾಥನನ್ನು ನೋಡಿದರು. ಅವನ ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಆ ನೋಟಕ್ಕೆ ದುಭಾಷಿ ಬೇಕಿರಲಿಲ್ಲ.

ಜಂಬುನಾಥ ತನ್ನ ತುಟಿ ಅವಳಿಗೆ ಕಾಣದಂತೆ ಮುಖ ತಿರುಗಿಸಿದ. “ಕಾಲೇಜು ತಾಯಿ ಇದ್ದಂಗ ಅಂತಾಳ್ರಿ. ಏನೂ ಕೊರತಿ ಇಲ್ಲಂತ್ರಿ.”

ಮೈಲಾರದ ಕಾರಣಿಕದಲ್ಲಿ ದೇವರು ಮೈಮೇಲೆ ಬಂದ ಗೊರವಯ್ಯ ವರ್ಷದ ಭವಿಷ್ಯವೆಂದು ನುಡಿಯುವುದು ಒಂದೇ ನುಡಿ; ಅರ್ಥ ಹೇಳುವವರು ತಮಗೆ ಬೇಕಾದಷ್ಟು ಮಳೆ ಸುರಿಸಿಕೊಳ್ಳುತ್ತಾರೆ. ಇಲ್ಲಿಯೂ ಹಾಗೇ ಆಯಿತು. ಕಮಿಟಿ ಚಪ್ಪಾಳೆ ತಟ್ಟಿತು. ಲಲಿತಾ ಮೇಡಂ ಕಣ್ಣೊರೆಸಿಕೊಂಡರು.

“ಭಾಳ ಚಂದ ಹೇಳಿತ್ರಿ ಕೂಸು!”

“ಆತಲ್ರಿ ಮೇಡಂ, ಏಳ್ರಿ. ಹೋಳಿಗಿ ಆರ್ತಾವ,” ಎಂದರು ಕೊಟ್ರಯ್ಯನವರು.

ಅನುಸೂಯಾ ಆ ತಟ್ಟುವ ಕೈಗಳನ್ನೇ ನೋಡುತ್ತ ನಿಂತಳು. ಆಮೇಲೆ ಜಂಬುನಾಥನತ್ತ ತಿರುಗಿ ಕೇಳಿದಳು: ನಾನು ಫೇಲಾದದ್ದಕ್ಕೆ ಇವರಿಗೆ ಇಷ್ಟೊಂದು ಸಂತೋಷವೇ?

ಅವನು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ.

ಇಲ್ಲಿ ನನಗಿರುವುದು ನಿಮ್ಮ ಬಾಯೊಂದೇ, ಎಂದಳು. ಅದನ್ನೂ ಹಂಪಿ ನೋಡಲು ಕಳಿಸಿದಿರಾ?

“ಮತ್ತೇನಂತ?” ಲಲಿತಾ ಮೇಡಂ ಎದ್ದು ಸೆರಗು ಸರಿಮಾಡಿಕೊಂಡರು.

“ಥ್ಯಾಂಕ್ಸ್ ಅಂತಾಳ್ರಿ,” ಎಂದರು ಕೊಟ್ರಯ್ಯನವರು. ಅಷ್ಟರಲ್ಲಿ ಅವರಿಗೂ ಸನ್ನೆಭಾಷೆ ಬಂದುಬಿಟ್ಟಿತ್ತು.

ದುಭಾಷಿಗಳಿಗೆ ಮೊದಲು ಕಲಿಸುವ ಪಾಠವೊಂದಿದೆ. ‘ಅವಳು ಹೀಗೆನ್ನುತ್ತಾಳೆ’ ಎನ್ನಬಾರದು. ಮಾತು ಯಾರದೋ ಅವರೇ ಆಗಿ ‘ನಾನು’ ಎಂದು ನುಡಿಯಬೇಕು. ಒಂದು ಬಗೆಯಲ್ಲಿ ಅದೂ ದೇವರು ಮೈಮೇಲೆ ಬಂದಂತೆ. ಆಗ ಸ್ವಂತದ್ದು ಸೇರಿಸಿದರೆ ಪಾಪ.

“ಕುಂದ್ರಿ ಮೇಡಂ,” ಎಂದ ಜಂಬುನಾಥ, ಮೆಲ್ಲಗೆ. “ಆಗ ಹೇಳಿದ್ದು ನನ್ನ ಮಾತು. ಅಕಿದು ಇನ್ನೂ ನನ್ನ ಹತ್ರನ ಐತಿ.”

“ಲೇ ಜಂಬುನಾಥ, ಹೋಳಿಗಿ...”

ಅವನು ಅನುಸೂಯಾಳಿಗೆ ತುಟಿಯೂ ಕೈಯೂ ಕಾಣುವಂತೆ ತಿರುಗಿ ನಿಂತ.

“ನಾನು ಅನುಸೂಯಾ. ಕ್ಲಾಸಿನಾಗ ನನಗ ದುಭಾಷಿ ಇಲ್ರಿ. ಇವರು ಹಂಪ್ಯಾಗ ಇರ್ತಾರ.”