ಗಾಜಿನ ಮೇಲಿನ ಕೋಳಿಮರಿ

ಕೋಳಿಮರಿ ಶವಪೆಟ್ಟಿಗೆಯ ಗಾಜಿನ ಮೇಲೆ ಜಾರಿ, ಸಾವರಿಸಿಕೊಂಡು, ಅನ್ಸೆಲ್ಮೊನ ಮುಖದ ನೇರಕ್ಕೆ ಬಿದ್ದಿದ್ದ ಅಕ್ಕಿಕಾಳನ್ನು ಕುಕ್ಕಿತು.

"ಅದನ್ನ ತೆಗೀರಮ್ಮ," ಎಂದ ಜೈಲಿನ ಕಾವಲುಗಾರ ಬಾಲ್ಡೊ. "ಕೊಲೆಯಾದವರಿಗಲ್ವಾ ಮರಿ ಬಿಡೋದು? ಇವನು ಹೃದಯ ನಿಂತು ಸತ್ತಿದ್ದು. ಕಾಗದದಲ್ಲೇ ಬರೆದಿದೆ."

"ಸತ್ತೋರದ್ದೆಲ್ಲಾ ಹೃದಯ ನಿಂತೇ ಇರುತ್ತೆ ಸಾರ್," ಎಂದಳು ಸತ್ತವನ ತಂಗಿ ಇಸ್ಯಾಂಗ್. "ನಾಲ್ಕು ದಿನ ಭೇದಿ ಆಯ್ತಲ್ಲ, ಅದನ್ನ ಬರೀಲಿಲ್ವಾ? ಕೊಂದವರ ಮನಸ್ಸನ್ನ ಕುಕ್ಕಲಿ ಅಂತಲೇ ಬಿಟ್ಟಿರೋದು. ನಿಮ್ಮ ಕೈಲಿರೋ ಬಾಟ್ಲಿ ನೀರು ಎಲ್ಲೀದು? ಜೈಲಿನ ಟ್ಯಾಂಕಿಂದಾ?"

ಬಾಲ್ಡೊ ಬಾಟ್ಲಿಯ ಮೇಲೆ ಟೋಪಿ ಮುಚ್ಚಿದ. "ಟ್ಯಾಂಕಿಗೆ ಮುಚ್ಚಳ ಇಲ್ಲ, ಪಾರಿವಾಳ ಸತ್ತು ಬಿದ್ದಿದೆ ಅಂತ ನಾನೂ ಹೇಳ್ದೆ. ನನ್ನ ಮಾತು ಯಾರು ಕೇಳ್ತಾರಕ್ಕ?"

ಸತ್ತವನ ಹೆಂಡತಿ ಪುರಿಂಗ್ ತುಟಿ ಬಿಚ್ಚಲಿಲ್ಲ. ಪಾಪ, ದುಃಖಕ್ಕೆ ಮಾತು ಕಟ್ಟಿದೆ ಎಂದುಕೊಂಡರು ಬಂದವರು.

*

ಅನ್ಸೆಲ್ಮೊ ಐಸು ಕೆರೆದು, ಮೇಲೆ ಹಾಲು ಸಕ್ಕರೆ ಹಾಕಿ ಮಾರುತ್ತಿದ್ದವನು. ಮಕ್ಕಳು ತಿನ್ನುವುದೆಂದು ನೀರು ಕುದಿಸದೆ ಐಸು ಕಟ್ಟುತ್ತಿರಲಿಲ್ಲ. ಕದ್ದದ್ದೆಂದು ತಿಳಿಯದೆ ಒಂದು ಸೈಕಲ್ಲು ಕೊಂಡ. ಅದಕ್ಕೇ ಜೈಲಿನೊಳಗೆ ಹೋಗಿ ಮೂರು ವರ್ಷವಾದರೂ ಒಮ್ಮೆಯೂ ವಿಚಾರಣೆ ನಡೆಯಲಿಲ್ಲ. ಪುರಿಂಗ್ ಪ್ರತಿ ಭಾನುವಾರ ಎರಡು ಜೀಪ್ನಿ ಬಸ್ಸು ಹತ್ತಿಳಿದು, ಎರಡು ಕ್ಯಾನು ಕುದಿಸಿದ ನೀರು ಒಯ್ಯುತ್ತಿದ್ದಳು. ಗುರುತಿಗೆ ಹಿಡಿಗೆ ಕೆಂಪು ರಿಬ್ಬನ್ ಕಟ್ಟುತ್ತಿದ್ದಳು.

ಒಂದು ಭಾನುವಾರ ಆ ರಿಬ್ಬನ್ನಿನ ಕ್ಯಾನು ಮುದುಕ ಕೈದಿಯೊಬ್ಬನ ತೊಡೆಯ ಮೇಲೆ ಕಂಡಿತು.

"ಅದು ನಾನು ತಂದದ್ದಲ್ವಾ?"

"ಕುಲಾಸಜ್ಜನಿಗೆ ಹೊಟ್ಟೆ ನಿಲ್ತಾನೇ ಇಲ್ಲ ಕಣೇ. ಟ್ಯಾಂಕಿನ ನೀರು ಕುಡಿದ್ರೆ ಹೋಗೇಬಿಡ್ತಾನೆ."

"ಮತ್ತೆ ನೀನು?"

"ನಂಗೇನಾಗುತ್ತೆ? ಬಟ್ಟೇಲಿ ಸೋಸ್ಕೊಂಡು ಕುಡೀತೀನಿ."

"ಭುಜ ಬಿದ್ದುಹೋಗೋ ಹಾಗೆ ಹೊರೋಳು ನಾನು, ದಾನ ಮಾಡೋ ದೊಡ್ಡ ಮನುಷ್ಯ ನೀನು! ಹಾಗಾದ್ರೆ ಇನ್ಮೇಲೆ ಅದನ್ನೇ ಕುಡ್ಕೊಂಡಿರು."

ಸಿಟ್ಟಿನ ಮಾತು ಸಿಟ್ಟಿನಲ್ಲೇ ಮುಗಿಯಬಹುದಿತ್ತು. ಹಾಳು ಹಟ! ಮೂರು ಭಾನುವಾರ ಅನ್ನ, ಒಣಮೀನು ಒಯ್ದಳು, ನೀರು ಒಯ್ಯಲಿಲ್ಲ. ಅವನೂ ಕೇಳಲಿಲ್ಲ. ಮೂರನೆಯ ಭಾನುವಾರ ಅವನ ಕಣ್ಣು ಗುಳಿಬಿದ್ದಿದ್ದವು. ನಿದ್ದೆ ಇಲ್ಲ ಅಂದ, ಇವಳು ನಂಬಿದಳು. ನಾಲ್ಕನೆಯ ಶನಿವಾರ ಮನಸ್ಸು ತಡೆಯದೆ ನೀರು ಕುದಿಸಿ, ಆರಿಸಿ, ಕ್ಯಾನಿಗೆ ತುಂಬುತ್ತಿದ್ದಾಗ ಸುದ್ದಿ ಬಂತು.

*

ಪೆಟ್ಟಿಗೆಯನ್ನು ಗುಂಡಿಗೆ ಇಳಿಸುವ ಮೊದಲು ಇಸ್ಯಾಂಗ್ ಮರಿಯನ್ನೆತ್ತಿ ಬಾಲ್ಡೊನ ಮುಂದೆ ಹಿಡಿದಳು. "ತಗೊಂಡು ಹೋಗಿ. ನಿಮ್ಮ ಸಾಹೇಬರ ಮೇಜಿನ ಮೇಲೆ ಬಿಡಿ."

ಬಾಲ್ಡೊ ಹಿಂದೆ ಸರಿದ. ಪುರಿಂಗ್ ಅಂದು ಮೊದಲ ಸಲ ಬಾಯಿ ಬಿಟ್ಟಳು. "ಸಾರ್, ಆ ಕುಲಾಸಜ್ಜ ಹೇಗಿದಾನೆ?"

"ಅವನೂ ಹೋದನಕ್ಕ. ಇವನಿಗಿಂತ ಎರಡು ದಿನ ಮುಂಚೆ."

ಪುರಿಂಗ್ ನಾದಿನಿಯ ಕಡೆ ಕೈಚಾಚಿದಳು. "ಇಲ್ಲಿ ಕೊಡು ಇಸ್ಯಾಂಗ್. ಅದು ನಂದು."

"ನಿಂದು ಹೇಗಾಗುತ್ತೆ ಅತ್ತಿಗೆ?"

ಪುರಿಂಗ್ ಅವಳ ಕೈಯಿಂದ ಮರಿಯನ್ನು ತೆಗೆದುಕೊಂಡಳು. ಪೆಟ್ಟಿಗೆ ಇಳಿಸಿಯಾಗಿ, ಮಣ್ಣು ಬೀಳುವ ಸದ್ದಾಗುತ್ತಿತ್ತು. ಮರಿಯನ್ನು ಮಡಿಲಲ್ಲಿಟ್ಟುಕೊಂಡು ಕೂತು, ಅಂಗಿಯ ಜೇಬಿನಿಂದ ಮರಿಗೆ ಹಾಕಿ ಉಳಿದಿದ್ದ ಅಕ್ಕಿ ತೆಗೆದು ಅಂಗೈಯಲ್ಲಿ ಹಿಡಿದಳು. ಮರಿ ಕುಕ್ಕಿತು. ಕಾಳು ಮುಗಿದ ಮೇಲೂ ಕುಕ್ಕುತ್ತಲೇ ಇತ್ತು. ಪುರಿಂಗ್ ಅಂಗೈ ಮುಚ್ಚಲಿಲ್ಲ.